ಶಟರ್ ಇಲ್ಲದ ಅಂಗಡಿ

2025ರ ಜನವರಿ 6, ಸೋಮವಾರ. ದಾದರಿನಲ್ಲಿ ಟೊರೆಸ್ ಎಂಬ ಆಭರಣದ ಮಳಿಗೆಯ ಎದುರು ಜನ ಸೇರತೊಡಗಿದರು. ವಾರವಾರ ಬರುತ್ತಿದ್ದ ಹಣ ಹೊಸ ವರ್ಷದ ಹೊತ್ತಿಗೆ ನಿಂತುಹೋಗಿತ್ತು. ಅಂಗಡಿ ಬಾಗಿಲು ತೆರೆದಿರಲಿಲ್ಲ. ಸಣ್ಣ ವ್ಯಾಪಾರಿಗಳು, ಗೃಹಿಣಿಯರು, ನಿವೃತ್ತರು ರಸೀದಿ ಹಿಡಿದುಕೊಂಡು ರಸ್ತೆಯಲ್ಲೇ ನಿಂತಿದ್ದರು. ಶಿವಾಜಿ ಪಾರ್ಕ್ ಠಾಣೆಯಲ್ಲಿ ಮೊದಲು ದೂರು ಕೊಟ್ಟವರು ದಾದರಿನ ಒಬ್ಬ ತರಕಾರಿ ವ್ಯಾಪಾರಿ.

ಅದೇ ಕಂಪನಿಯ ಒಂದು ಶಾಖೆ ನಮ್ಮ ಕಾಂದಿವಲಿಯಲ್ಲೂ ಇತ್ತು. ಗ್ರಾಂಟ್ ರೋಡ್, ಸಾನ್ಪಾಡಾ, ಕಲ್ಯಾಣ್, ಮೀರಾ ರೋಡ್‌ಗಳಲ್ಲೂ ಇದ್ದವು. 2024ರ ಫೆಬ್ರವರಿಯಲ್ಲಿ ಶುರುವಾದ ವ್ಯಾಪಾರ ಒಂದು ವರ್ಷವೂ ತುಂಬದೆ ಮುಗಿಯಿತು. ಅಲ್ಲಿ ಮಾರುತ್ತಿದ್ದದ್ದು ಮೊಯ್ಸನೈಟ್ ಎಂಬ, ಪ್ರಯೋಗಾಲಯದಲ್ಲಿ ತಯಾರಾಗುವ ಕಲ್ಲು. ಕಲ್ಲು ಕೊಂಡರೆ ಕೊಟ್ಟ ಹಣಕ್ಕೆ ವಾರಕ್ಕೆ ಶೇಕಡಾ 6ರ ಲೆಕ್ಕದಲ್ಲಿ ಲಾಭ. ಕೊನೆಕೊನೆಗೆ ಈ ದರ ಎರಡಂಕಿಗೆ ಏರಿತ್ತು. ಹೊಸಬರನ್ನು ಕರೆತಂದವರಿಗೆ ಬೇರೆ ಬಹುಮಾನ. ವಾರಕ್ಕೆ 6 ಎಂಬುದನ್ನು ಚಕ್ರಬಡ್ಡಿಯಲ್ಲಿ ಗುಣಿಸಿ ನೋಡಿ: 1 ಲಕ್ಷ ವರ್ಷದ ಕೊನೆಗೆ 20 ಲಕ್ಷ ದಾಟುತ್ತದೆ. ಹಾಗೆ ಬೆಳೆಯುವ ವ್ಯಾಪಾರ ಭೂಮಿಯ ಮೇಲಿದ್ದಿದ್ದರೆ ಅದರ ಮಾಲೀಕ ನಮ್ಮ ನಿಮ್ಮ ಹಣ ಕೇಳಿಕೊಂಡು ಮೀರಾ ರೋಡಿಗೆ ಬರುತ್ತಿರಲಿಲ್ಲ. ತನಿಖೆ ಆರ್ಥಿಕ ಅಪರಾಧ ವಿಭಾಗಕ್ಕೆ ಹೋಯಿತು, ಜಾರಿ ನಿರ್ದೇಶನಾಲಯವೂ ಬಂತು. ಸಂಗ್ರಹವಾದ ಹಣದ ಒಂದು ಪಾಲು ಹವಾಲಾ ದಾರಿಯಲ್ಲಿ, ಯುಎಸ್‌ಡಿಟಿ ಎಂಬ ಕ್ರಿಪ್ಟೋ ನಾಣ್ಯದ ರೂಪ ತಾಳಿ, ದೇಶದಾಚೆಗೆ ಹೋಯಿತೆಂಬುದು ತನಿಖಾಧಿಕಾರಿಗಳ ಆರೋಪ.

ಆದರೂ ಟೊರೆಸ್‌ನಲ್ಲಿ ಹಣ ಕಳೆದುಕೊಂಡವರಿಗೆ ಹೋಗಿ ಬಡಿಯಲು ಒಂದು ಶಟರ್ ಇತ್ತು. ಅದೇ ತಿಂಗಳಲ್ಲಿ ನಮ್ಮ ಸೊಸೈಟಿಯ ಮೂರನೇ ಮಹಡಿಯಲ್ಲಿ ಇನ್ನೊಬ್ಬರು ಹಣ ಕಳೆದುಕೊಂಡು ಸುಮ್ಮನೆ ಕೂತಿದ್ದರು. ಅವರ ಅಂಗಡಿ ಇದ್ದದ್ದು ಮೊಬೈಲಿನೊಳಗೆ.

ಅವರ ಕತೆಗೆ ಮೊದಲು ಈ ಊರಿನ ಹಳೆಯ ಕತೆ ಸ್ವಲ್ಪ ಹೇಳಬೇಕು.

ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ಲ್ಯಾಂಕಶೈರಿಗೆ ಹೋಗುವುದು ನಿಂತಾಗ ಮುಂಬಯಿಯ ಹತ್ತಿಗೆ ಚಿನ್ನದ ಬೆಲೆ ಬಂತು. ಬಂದ ಹಣಕ್ಕೆ ಜಾಗ ಸಾಲದೆ 1864ರಲ್ಲಿ ಬ್ಯಾಂಕುಗಳು, ಹಣಕಾಸು ಸಂಘಗಳು, ಸಮುದ್ರ ತುಂಬಿಸಿ ನೆಲ ಮಾಡುವ ಕಂಪನಿಗಳು ಅಣಬೆಯಂತೆ ಎದ್ದವು. ಇನ್ನೂ ನೀರಿನಡಿ ಇದ್ದ ಬ್ಯಾಕ್‌ಬೇ ನೆಲದ ಷೇರು ಮುಖಬೆಲೆಯ ಎಷ್ಟೋ ಪಟ್ಟಿಗೆ ಮಾರಾಟವಾಯಿತು. ದಲ್ಲಾಳಿಗಳ ದೊರೆ ಪ್ರೇಮಚಂದ್ ರಾಯಚಂದ್ ಹೂಂ ಅಂದರೆ ಬ್ಯಾಂಕ್ ಆಫ್ ಬಾಂಬೆ ಸಾಲ ಕೊಡುತ್ತಿತ್ತು. 1865ರ ಏಪ್ರಿಲಿನಲ್ಲಿ ಯುದ್ಧ ಮುಗಿಯಿತು. ಜುಲೈ 1ಕ್ಕೆ ವಾಯಿದೆ ವ್ಯಾಪಾರ ಚುಕ್ತಾ ಮಾಡಬೇಕಿತ್ತು. ಚುಕ್ತಾ ಮಾಡಲು ಯಾರ ಬಳಿಯೂ ಹಣವಿರಲಿಲ್ಲ. ಬ್ಯಾಂಕೂ ಮುಳುಗಿತು. ಪ್ರೇಮಚಂದರು ಏರುಗಾಲದಲ್ಲಿ ತಾಯಿಯ ಹೆಸರಲ್ಲಿ ವಿಶ್ವವಿದ್ಯಾಲಯಕ್ಕೆ ಕೊಟ್ಟ ದೇಣಿಗೆಯಿಂದ ಎದ್ದ ರಾಜಾಬಾಯಿ ಗೋಪುರ ಮಾತ್ರ ಇವತ್ತಿಗೂ ಗಂಟೆ ಹೇಳುತ್ತಿದೆ.

ನೂರು ವರ್ಷದ ನಂತರ ಅದೇ ಹತ್ತಿ ಇನ್ನೊಂದು ಆಟಕ್ಕೆ ಹುಟ್ಟು ಕೊಟ್ಟಿತು. ನ್ಯೂಯಾರ್ಕಿನ ಹತ್ತಿ ಪೇಟೆಯ ಆರಂಭದ ದರ, ಮುಕ್ತಾಯದ ದರ ತಂತಿಯಲ್ಲಿ ಇಲ್ಲಿಗೆ ಬರುತ್ತಿದ್ದವು, ಜನ ಆ ಅಂಕಿಗಳ ಮೇಲೆ ಪಣ ಕಟ್ಟುತ್ತಿದ್ದರು. ಆ ಅಂಕಿಗಳು ಬರುವುದು ನಿಂತ ಮೇಲೆ 1962ರಲ್ಲಿ ಕಲ್ಯಾಣ್‌ಜಿ ಭಗತ್, 1964ರಲ್ಲಿ ರತನ್ ಖತ್ರಿ ತಮ್ಮ ತಮ್ಮ ಮಟ್ಕಾ ತೆರೆದರು. ಗಿರಣಿ ಕಾರ್ಮಿಕರ ಕೂಲಿಯ ಎಷ್ಟು ಪಾಲು ಆ ಮಡಕೆಗೆ ಬಿತ್ತೋ. ನಾನು ಮಟ್ಕಾವನ್ನು ಹೊಗಳುತ್ತಿಲ್ಲ. ಆದರೆ ಒಂದು ಮಾತು: ಚೀಟಿ ಬರೆದುಕೊಳ್ಳುವವನು ಗಲ್ಲಿಯ ಮೂಲೆಯಲ್ಲೇ ಕೂರುತ್ತಿದ್ದ. ಗೆದ್ದವನಿಗೆ ಹಣ ಕೊಡದೆ ಮರುದಿನ ಅದೇ ಮೂಲೆಯಲ್ಲಿ ಕೂರುವುದು ಅವನಿಗೆ ಸಾಧ್ಯವಿರಲಿಲ್ಲ.

ಕನ್ನಡಿಗರು ಈ ಊರಿನಲ್ಲಿ ಹಣ ಕೂಡಿಟ್ಟ ಬಗೆಯೂ ಮುಖ ನೋಡಿಯೇ. 1906ರಲ್ಲಿ ಚಿತ್ರಾಪುರ ಸಾರಸ್ವತರು ಕಟ್ಟಿದ ಶಾಮರಾವ್ ವಿಠಲ್ ಸಹಕಾರಿ ಬ್ಯಾಂಕ್, 1946ರ ಮೊಗವೀರ ಬ್ಯಾಂಕ್, 1978ರಲ್ಲಿ ಬಿಲ್ಲವರು ಕಟ್ಟಿದ ಭಾರತ್ ಬ್ಯಾಂಕ್, ಇವೆಲ್ಲ ಹುಟ್ಟಿದ್ದು ಒಬ್ಬರನ್ನೊಬ್ಬರು ಬಲ್ಲವರ ನಡುವೆ. ಹೋಟೆಲಿನ ಹಿಂದೆ ತಿಂಗಳ ಚೀಟಿ, ಚಾಳಿನ ಹೆಂಗಸರ ಭಿಶಿ. ಇವನು ಇಂಥವರ ಮಗ, ಇಂಥ ಊರಿನವ, ಇಂಥ ಸಂಘದವ ಎಂಬುದೇ ಜಾಮೀನು. ವಂಚಕರು ಕದ್ದದ್ದು ಮೊದಲು ಈ ಜಾಮೀನನ್ನು, ಆಮೇಲೆ ಹಣವನ್ನು.

ಕ್ರಿಪ್ಟೋ ಹೆಸರಿನ ಮೊದಲ ದೊಡ್ಡ ಬಲೆಗಳು ಹರಡಿದ್ದೂ ಪರಿಚಯದ ದಾರಿಯಲ್ಲೇ. ಬಲ್ಗೇರಿಯಾದಲ್ಲಿ 2014ರಲ್ಲಿ ಶುರುವಾದ ಒನ್‌ಕಾಯಿನ್ ಹಿಂದೆ ನಿಜವಾದ ಬ್ಲಾಕ್‌ಚೈನೇ ಇರಲಿಲ್ಲ; ನಾಣ್ಯದ ಬೆಲೆ ಕಂಪನಿ ಹೇಳಿದ್ದೇ ಆಗಿತ್ತು. 2017ರ ಏಪ್ರಿಲಿನಲ್ಲಿ ನವಿ ಮುಂಬಯಿ ಪೊಲೀಸರು ಅದರ ಪ್ರಚಾರ ಸಭೆಯ ಮೇಲೆ ದಾಳಿ ಮಾಡಿ 18 ಮಂದಿಯನ್ನು ಹಿಡಿದರು. ಅದೇ ಅಕ್ಟೋಬರಿನಲ್ಲಿ ಅದರ ಒಡತಿ ರೂಜಾ ಇಗ್ನಾಟೋವಾ ಸೋಫಿಯಾದಿಂದ ಅಥೆನ್ಸಿಗೆ ವಿಮಾನ ಹತ್ತಿ ಕಣ್ಮರೆಯಾದಳು. ನಮ್ಮದೇ ಗೇನ್‌ಬಿಟ್‌ಕಾಯಿನ್ ತಿಂಗಳಿಗೆ ಶೇಕಡಾ 10ರಂತೆ 18 ತಿಂಗಳು ಬಿಟ್‌ಕಾಯಿನ್ ಕೊಡುತ್ತೇನೆಂದಿತು. ಅದರ ಅಮಿತ್ ಭಾರದ್ವಾಜನನ್ನು ಪುಣೆ ಪೊಲೀಸರು 2018ರಲ್ಲಿ ಹಿಡಿದರು. ತೀರ್ಪು ಬರುವ ಮೊದಲೇ, 2022ರ ಜನವರಿಯಲ್ಲಿ ಅವನು ತೀರಿಕೊಂಡ. ಎರಡೇ ತಿಂಗಳಿಗೆ, ತನಿಖೆಗೆ ನೆರವಾಗಲು ಪೊಲೀಸರೇ ಕರೆಸಿದ್ದ ಇಬ್ಬರು ಸೈಬರ್ ತಜ್ಞರನ್ನು (ಅವರಲ್ಲೊಬ್ಬರು ಮಾಜಿ ಐಪಿಎಸ್ ಅಧಿಕಾರಿ) ಪುಣೆ ಪೊಲೀಸರೇ ಬಂಧಿಸಿದರು. ವಶಪಡಿಸಿಕೊಂಡ ವ್ಯಾಲೆಟ್‌ಗಳಿಂದ ನಾಣ್ಯಗಳನ್ನು ತಮ್ಮ ಕಡೆಗೆ ತಿರುಗಿಸಿಕೊಂಡರೆಂಬುದು ಆರೋಪ. ಹಣ ಹೋದವನಿಗೆ ಇದಕ್ಕಿಂತ ಕಹಿಯಾದ ಸುದ್ದಿ ಇದೆಯೇ? 2023ರ ಕೊನೆಗೆ ಸುಪ್ರೀಂ ಕೋರ್ಟು ಪ್ರಕರಣಗಳನ್ನು ಸಿಬಿಐಗೆ ಒಪ್ಪಿಸಿತು. 2025ರ ಫೆಬ್ರವರಿಯಲ್ಲಿ ಸಿಬಿಐ ದೇಶದ 60 ಜಾಗಗಳಲ್ಲಿ ಶೋಧ ನಡೆಸಿದಾಗ ಬೆಂಗಳೂರೂ ಅದರಲ್ಲಿತ್ತು.

ಇಷ್ಟರಲ್ಲಿ ಕಾನೂನು ತನ್ನ ನಡಿಗೆಯಲ್ಲಿ ಬರುತ್ತಿತ್ತು. ರಿಸರ್ವ್ ಬ್ಯಾಂಕಿನ 2018ರ ನಿರ್ಬಂಧವನ್ನು ಸುಪ್ರೀಂ ಕೋರ್ಟು 2020ರ ಮಾರ್ಚಿನಲ್ಲಿ ತೆಗೆದುಹಾಕಿತು. 2022ರಲ್ಲಿ ಲಾಭದ ಮೇಲೆ ಶೇಕಡಾ 30 ತೆರಿಗೆ, ಮಾರಾಟದ ಮೇಲೆ ಶೇಕಡಾ 1 ಟಿಡಿಎಸ್ ಬಂತು. 2023ರ ಮಾರ್ಚಿನಲ್ಲಿ ಕ್ರಿಪ್ಟೋ ವ್ಯವಹಾರ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯಡಿ ಸೇರಿತು. ಇಲ್ಲಿ ವ್ಯಾಪಾರ ಮಾಡುವ ಎಕ್ಸ್‌ಚೇಂಜುಗಳು ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿಕೊಳ್ಳಬೇಕಾಯಿತು. ನೋಂದಣಿ ಇದ್ದರೆ ಹಣಕ್ಕೆ ಖಾತರಿ ಅಂತೇನಲ್ಲ. ಇಲ್ಲದಿದ್ದರೆ ಆ ಬಾಗಿಲಿಗೆ ಹೋಗಲೇಬಾರದು, ಅಷ್ಟು.

ಈಗ ಮೂರನೇ ಮಹಡಿ. ಇವರು ಉಡುಪಿ ಕಡೆಯವರು, ಮೂವತ್ತು ವರ್ಷ ಕ್ಯಾಂಟೀನ್ ನಡೆಸಿ ಬಿಟ್ಟವರು. ಹೆಸರು ಬೇಡ; ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರಿಗೂ ಅಣ್ಣ. ವಾಟ್ಸಪ್ಪಿನಲ್ಲಿ ಯಾರೋ ಅವರನ್ನು ಒಂದು ಗುಂಪಿಗೆ ಸೇರಿಸಿದರು. ನೂರಕ್ಕೂ ಹೆಚ್ಚು ಜನರ ಗುಂಪು. ದಿನವೂ ಯಾರಾದರೊಬ್ಬರು ‘ಇವತ್ತು ಇಷ್ಟು ಬಂತು’ ಎಂದು ಚಿತ್ರ ಹಾಕುವರು, ಉಳಿದವರು ಕೈ ಮುಗಿಯುವರು. ಅಣ್ಣ ಅದನ್ನು ಸಂಘ ಎಂದುಕೊಂಡರು. ಅವರಿಗೆ ಗೊತ್ತಿದ್ದ ಊರೇ ಅಂಥದ್ದು. ಆ ನೂರು ಮಂದಿಯಲ್ಲಿ ಬಹುಪಾಲು ಒಂದೇ ಕೈಯ ಬೊಂಬೆಗಳು ಎಂಬುದು ಅವರಿಗೆ ಹೊಳೆಯಲಿಲ್ಲ, ನನಗಾದರೂ ಹೊಳೆಯುತ್ತಿತ್ತೋ ಇಲ್ಲವೋ.

ಕೊಂಡಿಯೊತ್ತಿ ಆ್ಯಪ್ ಹಾಕಿಸಿಕೊಂಡರು. ಪ್ಲೇ ಸ್ಟೋರಿನಲ್ಲಿ ಇಲ್ಲದ ಆ್ಯಪ್. ಮೊದಲು 5,000 ಹಾಕಿದರು, ಮೂರು ದಿನಕ್ಕೆ 2,000 ವಾಪಸು ತೆಗೆದರು. ಖಾತೆಗೆ ನಿಜವಾಗಿ ಬಂತು! ಆಮೇಲೆ ಲಕ್ಷಗಳ ಲೆಕ್ಕ. ಒಂದೊಂದು ಸಲ ಒಂದೊಂದು ಹೆಸರಿನ ಖಾತೆಗೆ ಹಾಕಲು ಹೇಳುತ್ತಿದ್ದರು: ಯಾವುದೋ ಟ್ರೇಡರ್ಸ್, ಯಾವುದೋ ಎಂಟರ್‌ಪ್ರೈಸಸ್. ಪರದೆಯ ಮೇಲೆ 11 ಲಕ್ಷ 47 ಲಕ್ಷವಾಯಿತು. ತೆಗೆಯಲು ಹೋದಾಗ ‘ಮೊದಲು ಶೇಕಡಾ 30 ತೆರಿಗೆ ಕಟ್ಟಿ’ ಎಂದರು. ಸರ್ಕಾರದ ತೆರಿಗೆ 30 ಎಂದು ಅಣ್ಣ ಪತ್ರಿಕೆಯಲ್ಲಿ ಓದಿದ್ದರು, ಹಾಗಾಗಿ ನಂಬಿದರು. ಆ ತೆರಿಗೆಯನ್ನು ನಾವು ಆದಾಯ ತೆರಿಗೆ ಇಲಾಖೆಗೆ ಕಟ್ಟುವುದು, ನಮ್ಮ ಹಣ ಬಿಡಿಸಿಕೊಳ್ಳಲು ಆ್ಯಪಿಗೆ ಮುಂಗಡ ಕೊಡುವುದಲ್ಲ. ಶೇಕಡಾ 1 ಟಿಡಿಎಸ್ ಕೂಡ ಮಾರಾಟದ ಹಣದಿಂದಲೇ ಕಳೆಯುತ್ತಾರೆ. ಹಣ ತೆಗೆಯಲು ಹಣ ಕೇಳಿದರೆ ಅಲ್ಲಿ ಹಣವೇ ಇಲ್ಲ. ಪರದೆಯ ಅಂಕಿ ಯಾರೋ ಕೂತು ಟೈಪು ಮಾಡಿದ್ದು.

ಈ ಜಾಲಗಳ ಎಷ್ಟೋ ಕೆಲಸ ನಡೆಯುವುದು ಕಾಂಬೋಡಿಯಾ, ಮ್ಯಾನ್ಮಾರ್‌ಗಳ ಕಾಂಪೌಂಡುಗಳಲ್ಲಿ. ಕೆಲಸದ ಆಸೆಗೆ ಹೋಗಿ ಸಿಕ್ಕಿಬಿದ್ದ ನಮ್ಮ ದೇಶದ ಹುಡುಗರೂ ಅಲ್ಲಿ ಕೂತು ಟೈಪು ಮಾಡಿದ್ದಾರೆ. ಹಂದಿಯನ್ನು ಕೊಬ್ಬಿಸಿ ಕಡಿಯುವುದು ಎಂಬರ್ಥದ ಚೀನೀ ಹೆಸರು ಈ ಮೋಸಕ್ಕಿತ್ತು. ಮೋಸಹೋದವರನ್ನು ಆ ಮಾತು ಇನ್ನಷ್ಟು ಕುಗ್ಗಿಸುತ್ತದೆ, ದೂರು ಕೊಡಲು ಹಿಂಜರಿಯುವಂತೆ ಮಾಡುತ್ತದೆ, ಅದನ್ನು ಬಳಸಬೇಡಿ ಎಂದು 2024ರ ಡಿಸೆಂಬರಿನಲ್ಲಿ ಇಂಟರ್‌ಪೋಲ್ ಕೇಳಿಕೊಂಡಿತು. ಸಣ್ಣ ವಿಷಯ ಅನ್ನಿಸಬಹುದು. ನನಗೆ ಹಾಗನ್ನಿಸಲಿಲ್ಲ, ಯಾಕೆಂದರೆ ಅಣ್ಣ ನನ್ನ ಹತ್ತಿರ ಬಾಯಿ ಬಿಡುವಾಗ ಹದಿನೇಳು ದಿನ ಕಳೆದಿತ್ತು.

“ಎಂತ ಹೇಳುದು ಮಾರಾಯ್ರೆ, ಮಗನಿಗೂ ಹೇಳ್ಲಿಲ್ಲ. ಸಂಘದಲ್ಲಿ ಗೊತ್ತಾದ್ರೆ ಮರ್ಯಾದೆ ಉಂಟಾ?”

ಹದಿನೇಳು ದಿನ ಎಂದರೆ ಏನು? ಮೊದಲ ಖಾತೆಗೆ ಬಿದ್ದ ಹಣ ಅಲ್ಲಿಂದ ಬಾಡಿಗೆ ಖಾತೆಗಳಿಗೆ ಹಂಚಿಹೋಗಿ, ಎಟಿಎಮ್ಮಿನಲ್ಲೋ ಚೆಕ್ಕಿನಲ್ಲೋ ನಗದಾಗಿ, ಇಲ್ಲವೇ ಯುಎಸ್‌ಡಿಟಿಯಾಗಿ ಹಾರಿಹೋಗಲು ಕೆಲವು ಗಂಟೆ ಸಾಕು. 1930 ಎಂಬ ಸಂಖ್ಯೆ ಇರುವುದು ಆ ಗಂಟೆಗಳಿಗಾಗಿ. 2021ರಲ್ಲಿ 155260 ಎಂಬ ಹೆಸರಲ್ಲಿ ಶುರುವಾಗಿ ಮರುವರ್ಷ 1930 ಆದ ಈ ಸಹಾಯವಾಣಿಗೆ ಹೇಳಿದ ಕೂಡಲೇ ದೂರು ಬ್ಯಾಂಕಿನಿಂದ ಬ್ಯಾಂಕಿಗೆ ಹಣದ ಹಿಂದೆ ಓಡುತ್ತದೆ; ಎಲ್ಲಿ ಸಿಕ್ಕಿತೋ ಅಲ್ಲಿ ತಡೆಹಿಡಿಯುತ್ತಾರೆ. ತಡೆಹಿಡಿದದ್ದನ್ನು ಆಮೇಲೆ ಕೋರ್ಟಿನ ಆದೇಶದ ಮೂಲಕ ವಾಪಸು ಪಡೆಯಬಹುದು. ತಡವಾದರೆ ದೂರು ಬೇಡ ಅಂತಲ್ಲ. ಬಾಡಿಗೆ ಖಾತೆಗಳಲ್ಲಿ ಕೆಲವೊಮ್ಮೆ ಚೂರು ಉಳಿದಿರುತ್ತದೆ. ಅದೇ ಖಾತೆಯ ಮೇಲೆ ಬೇರೆ ಊರಿನ ಹತ್ತು ದೂರುಗಳು ಕಾಯುತ್ತಿರುತ್ತವೆ.

ಆ ಸಂಜೆ ನಾವು 1930ಕ್ಕೆ ಹೇಳಿ, ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತೆರೆದು ಕೂತೆವು. ದೇಶದ ಮೊದಲ ಸೈಬರ್ ಠಾಣೆ ಬೆಂಗಳೂರಿನಲ್ಲಿ 2001ರಲ್ಲೇ ಬಂದದ್ದು ಕನ್ನಡಿಗರಿಗೆ ನೆನಪಿರಬಹುದು. ಮುಂಬಯಿಯಲ್ಲಿ 2021ರಲ್ಲಿ ಐದು ಪ್ರಾದೇಶಿಕ ಸೈಬರ್ ಠಾಣೆಗಳಾದಾಗ ಉತ್ತರ ವಿಭಾಗದ್ದು ಬಂದದ್ದು ಇಲ್ಲೇ, ಕಾಂದಿವಲಿ ಪೂರ್ವದ ಸಮತಾ ನಗರಕ್ಕೆ. ರಿಕ್ಷಾದ ದೂರ. ಮರುದಿನ ಅಲ್ಲಿಗೆ ಹೋಗುವುದೆಂದಾಯಿತು.

ಅಣ್ಣ ಗುಂಪಿನಿಂದ ಹೊರಬಂದು ಎಲ್ಲ ಅಳಿಸುವುದರಲ್ಲಿದ್ದರು. ನಾನು ಫೋನು ಕಸಿದುಕೊಂಡೆ. ಮಾತುಕತೆ, ಗುಂಪಿನ ಸಂಖ್ಯೆಗಳು, ಆ್ಯಪಿನ ಕೊಂಡಿ, ಪರದೆಯ ಚಿತ್ರ ಎಲ್ಲ ಬೇಕು. ನಾಣ್ಯದ ರೂಪದಲ್ಲಿ ಕಳಿಸಿದ್ದರೆ ವ್ಯಾಲೆಟ್ ವಿಳಾಸ ಮತ್ತು ವಹಿವಾಟಿನ ಹ್ಯಾಷ್ ಬೇಕು. ಹ್ಯಾಷ್ ಅಂದರೆ ಅಂಚೆಯ ರಿಜಿಸ್ಟರ್ ರಸೀದಿ ಇದ್ದ ಹಾಗೆ, ಯಾರ ಮನೆ ಎಂದು ಹೇಳದಿದ್ದರೂ ಯಾವ ದಾರಿ ಎಂದು ಹೇಳುತ್ತದೆ. ಇದರ ನಡುವೆಯೇ ಅವರ ಫೋನಿಗೊಂದು ಸಂದೇಶ ಬಂತು: ಕಳೆದ ಕ್ರಿಪ್ಟೋ ವಾಪಸು ಕೊಡಿಸುತ್ತೇವೆ, ಶುಲ್ಕ ಕೇವಲ 15,000. ಮೋಸಹೋದವರ ಪಟ್ಟಿಯನ್ನೂ ಮಾರುತ್ತಾರೆ. ಅಣ್ಣ ಸಂದೇಶವನ್ನೇ ನೋಡುತ್ತಿದ್ದರು. ಕೇಳಿಯೇ ಬಿಡೋಣವೇ ಎಂಬ ಆಸೆ ಆ ಮುಖದಲ್ಲಿ ಒಂದು ಕ್ಷಣ ಬಂದುಹೋದದ್ದನ್ನು ನಾನು ಕಂಡೆ.

ತಾರೀಖು, ಮೊತ್ತ, ಯುಟಿಆರ್ ಸಂಖ್ಯೆ, ಯಾರ ಖಾತೆಗೆ ಹೀಗೆ ಒಂದೊಂದೇ ಬರೆದೆವು. ಹೋದದ್ದು ಒಂಬತ್ತು ಸಾಲು. ಬಂದದ್ದನ್ನೂ ಬರೆಯಬೇಕು ಅಂದೆ, ಆ ಮೊದಲ 2,000.

“ಅದು ಯಾಕೆ? ಅದು ನನ್ನ ಲಾಭ ಅಲ್ವಾ?”

ಪಾಸ್‌ಬುಕ್ಕಿನ ಆ ಸಾಲು ತೋರಿಸಿದೆ. ಕಳಿಸಿದ ಖಾತೆಯೂ ಒಂದು ಸುಳಿವು, ಮುಚ್ಚಿಟ್ಟರೆ ನಿಮ್ಮ ಖಾತೆಯ ಮೇಲೇ ಅನುಮಾನ ಬರಬಹುದು ಎಂದೆ. ಅದು ಲಾಭದ ಹಣವಲ್ಲ ಅಣ್ಣ, ಇಂಥ ಗುಂಪಿಗೆ ಬಿದ್ದ ಇನ್ನೊಬ್ಬರು ಎಲ್ಲೋ ಕಟ್ಟಿದ ಹಣವೇ ಇರಬೇಕು ಎಂದೆ.

ಆ 2,000ದಲ್ಲಿ ಅವರು ಮೊಮ್ಮಗಳಿಗೆ ಶಾಲೆಯ ಬೂಟು ತಂದಿದ್ದರಂತೆ. ಬೂಟು ಬಾಗಿಲ ಬಳಿಯೇ ಇದ್ದವು. ಅಣ್ಣ ಸ್ವಲ್ಪ ಹೊತ್ತು ಅತ್ತ ನೋಡಿ, ಕನ್ನಡಕ ಸರಿಮಾಡಿಕೊಂಡು, “ಬರೀರಿ, ನಂಬರು ಹೇಳ್ತೇನೆ” ಎಂದರು.