ಎದೆಗೂಡಿನ ಧಮನಿ

ಸೊಲ್ಲಾಪುರದವರಿಗೆ ಡಾ. ದ್ವಾರಕಾನಾಥ ಕೋಟ್ನೀಸರ ಹೆಸರು ಹೊಸದಲ್ಲ. 1910ರಲ್ಲಿ ಸೊಲ್ಲಾಪುರದಲ್ಲಿ ಜನಿಸಿ, 1938ರಲ್ಲಿ ಚೀನಕ್ಕೆ ತೆರಳಿದ ಅವರು, ಕೆನಡಾದ ಶಸ್ತ್ರವೈದ್ಯ ನಾರ್ಮನ್ ಬೆಥೂನರ ಹೆಸರಿನ ಆಸ್ಪತ್ರೆಯ ಮುಖ್ಯಸ್ಥರಾಗಿದ್ದು, 1942ರಲ್ಲಿ ಅಲ್ಲಿಯೇ ಮಡಿದರು. ಚೀನಕ್ಕೆ ಹೋಗುವ ಮೊದಲು ಬೆಥೂನರು ಮಾಂಟ್ರಿಯಲ್ ನಗರದ ರಾಯಲ್ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಎದೆಯ ಶಸ್ತ್ರಕ್ರಿಯೆ ಮಾಡುತ್ತಿದ್ದರು. ಹೃದ್ರೋಗ ಚಿಕಿತ್ಸೆಯ ಒಂದು ಮುಖ್ಯ ಅಧ್ಯಾಯವು ಮುಂದೆ ಅದೇ ಆಸ್ಪತ್ರೆಯಲ್ಲಿ ಆರಂಭವಾಯಿತು.

ದೇಹಕ್ಕೆಲ್ಲ ರಕ್ತವನ್ನು ಹಂಚುವ ಹೃದಯಕ್ಕೂ ತನ್ನ ಪಾಲಿನ ರಕ್ತ ಬೇಕು. ಅದನ್ನು ಒದಗಿಸುವ ನಾಳಗಳೇ ಪರಿಧಮನಿಗಳು. ಅವು ಕಟ್ಟಿಕೊಂಡರೆ ಕಾಲುವೆ ಬತ್ತಿದ ಹೊಲದಂತೆ ಹೃದಯದ ಸ್ನಾಯು ಸೊರಗುತ್ತದೆ. ಹೃದಯದ ಮುಂದೆಯೇ, ಎದೆಯೆಲುಬಿನ ಇಕ್ಕೆಲಗಳಲ್ಲಿ, ಎದೆಗೂಡಿನ ಒಳಗೋಡೆಗಂಟಿ ಒಂದೊಂದು ಧಮನಿ ಇಳಿದಿದೆ. ಕೈಯಲ್ಲಿ ಬೆಣ್ಣೆಯಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತೆ, ಇದರ ಸರಿಯಾದ ಉಪಯೋಗವು ವೈದ್ಯರಿಗೆ ಬಹುಕಾಲ ಹೊಳೆಯಲಿಲ್ಲ.

ಮೊದಲ ಹೆಜ್ಜೆಯೇ ತಪ್ಪಿತು. ಈ ಧಮನಿಯನ್ನು ಕಟ್ಟಿಬಿಟ್ಟರೆ ಹೃದಯಕ್ಕೆ ಹೆಚ್ಚು ರಕ್ತ ಹರಿದೀತೆಂದು ಇಟಲಿಯ ಫಿಯೆಸ್ಕಿ 1939ರಲ್ಲಿ ಸೂಚಿಸಿದರು. ರೋಗಿಗಳು ನೋವು ತಗ್ಗಿತೆಂದರು. ಆದರೆ ಅಮೇರಿಕೆಯ ಲಿಯೊನಾರ್ಡ್ ಕಾಬ್ ಮತ್ತು ಸಂಗಡಿಗರು 17 ರೋಗಿಗಳನ್ನು ಪರೀಕ್ಷಿಸಿ, 1959ರಲ್ಲಿ ನಿಜವನ್ನು ಹೊರಗೆಡಹಿದರು. ಎಂಟು ಜನರಿಗೆ ಧಮನಿಯನ್ನು ಕಟ್ಟಿ, ಒಂಬತ್ತು ಜನರಿಗೆ ಚರ್ಮವನ್ನಷ್ಟೇ ಕೊಯ್ದಿದ್ದರು. ಇಬ್ಬಗೆಯವರಿಗೂ ಆದ ಗುಣ ಒಂದೇ ಬಗೆಯದು! ಗುಣ ತೋರಿಸಿದ್ದು ರೋಗಿಯ ನಂಬಿಕೆಯೇ ಹೊರತು ಶಸ್ತ್ರಕ್ರಿಯೆಯಲ್ಲ.

ಇತ್ತ ಮಾಂಟ್ರಿಯಲ್ಲಿನ ಆರ್ಥರ್ ವೈನ್‌ಬರ್ಗರು 1950ರಲ್ಲಿ ಆ ಧಮನಿಯ ತುದಿಯನ್ನು ಬಿಡಿಸಿ ಹೃದಯದ ಸ್ನಾಯುವಿನೊಳಗೇ ಹುದುಗಿಸಿದರು. ಹಲವರು ಸಂಶಯಪಟ್ಟರು. ಆದರೆ 1962ರಲ್ಲಿ ತೆಗೆದ ಕ್ಷಕಿರಣ ಚಿತ್ರಗಳು ಹುದುಗಿಸಿದ ಧಮನಿಯಲ್ಲಿ ರಕ್ತ ಹರಿಯುತ್ತಿದ್ದುದನ್ನು ತೋರಿಸಿದವು. 1964ರ ಫೆಬ್ರುವರಿ 25ರಂದು ಲೆನಿನ್‌ಗ್ರಾಡಿನ ಕೊಲೆಸೊವ್, ಹೃದಯವು ಮಿಡಿಯುತ್ತಿರುವಾಗಲೇ, ಆ ಧಮನಿಯನ್ನು ನೇರವಾಗಿ ಪರಿಧಮನಿಗೆ ಹೊಲಿದರು. 1968ರಲ್ಲಿ ನ್ಯೂಯಾರ್ಕಿನ ಜಾರ್ಜ್ ಗ್ರೀನ್ ಸೂಕ್ಷ್ಮದರ್ಶಕದ ನೆರವಿನಿಂದ ಈ ಹೊಲಿಗೆಯನ್ನು ಮಾಡಿದರು.

ಆದರೂ ಕಾಲಿನ ಅಭಿಧಮನಿಯನ್ನು ತೆಗೆದು ಜೋಡಿಸುವುದು ಸುಲಭವಾದುದರಿಂದ ಬಹುಮಂದಿ ಅದನ್ನೇ ಮೆಚ್ಚಿದರು. ಕಾಲವು ಬೇರೆ ತೀರ್ಪು ಕೊಟ್ಟಿತು. ಹತ್ತು ವರ್ಷಗಳಲ್ಲಿ ಕಾಲಿನ ನಾಳಗಳಲ್ಲಿ ಸುಮಾರು ಅರ್ಧದಷ್ಟು ಮುಚ್ಚಿಹೋದರೆ, ಎದೆಯ ಧಮನಿಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ತೆರೆದೇ ಇದ್ದವು. ಧಮನಿಯು ರಕ್ತದ ಒತ್ತಡಕ್ಕೆ ಪಳಗಿದ್ದು. ಅಭಿಧಮನಿಗೆ ಆ ಒತ್ತಡ ಹೊಸದು. ಎದೆಯ ಧಮನಿಯನ್ನು ಪಡೆದವರು ಹೆಚ್ಚು ಕಾಲ ಬದುಕುವರೆಂದು 1986ರಲ್ಲಿ ಕ್ಲೀವ್‌ಲ್ಯಾಂಡಿನ ಫ್ಲಾಯ್ಡ್ ಲೂಪ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಇಂದು ಹೃದಯದ ಮುಂಭಾಗದ ಮುಖ್ಯ ಪರಿಧಮನಿಗೆ ಎಡ ಎದೆಯ ಧಮನಿಯನ್ನು ಜೋಡಿಸುವುದೇ ರೂಢಿ.

ಧಮನಿ ಅಂದೂ ಇಂದೂ ಅದೇ. ರೋಗಿಯು ಹಾಯೆನಿಸಿತೆಂದ ಮಾತ್ರಕ್ಕೆ ತೃಪ್ತರಾಗದೆ ಪರೀಕ್ಷಿಸಿದವರಿಂದಲೇ ಅದು ಜೀವರಕ್ಷಕವಾಯಿತು. ವಿದ್ಯಾರ್ಥಿಗಳು ಈ ಚರಿತ್ರೆಯಿಂದ ಕಲಿಯಬೇಕಾದ ಪಾಠವೂ ಇದೇ.