ಮರದ ಮಿಲ್ಲಿನಿಂದ ಮರಳಿನ ಬಗ್ಗಿವರೆಗೆ

ರಿಮೋಟ್ ಕಾರು ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಡಬ್ಬಿ ತೆಗೆದು, ಸೆಲ್ ಹಾಕಿ ಓಡಿಸೋ ಆಟಿಕೆ. ಒಂದು ವಾರ ಓಡುತ್ತೆ, ಒಂದು ದಿನ ನಿಂತುಹೋಗುತ್ತೆ, ಆಮೇಲೆ ಅಟ್ಟ ಸೇರುತ್ತೆ. ಆದರೆ ಬಿಡಿಭಾಗಗಳಾಗಿ ಬಂದು, ನಾವೇ ಕೂತು ಜೋಡಿಸಬೇಕಾದ ಬಗ್ಗಿಯ ಕಥೆ ಬೇರೆ. ಇವತ್ತು ಅದರ ಇತಿಹಾಸ ನೋಡೋಣ.

1946ರಲ್ಲಿ, ಯುದ್ಧ ಮುಗಿದ ಮರುವರ್ಷ, ಜಪಾನಿನ ಶಿಜುವೋಕಾದಲ್ಲಿ ಯೋಶಿಯೊ ತಮಿಯಾ ಅನ್ನೋರು ಮರ ಕೊಯ್ದು ಮಾರುವ ವ್ಯಾಪಾರ ಶುರು ಮಾಡಿದರು. ಮರ ಕೈಯಲ್ಲೇ ಇತ್ತಲ್ಲ, ಮರುವರ್ಷದಿಂದ ಮರದ ಮಾದರಿಗಳನ್ನೂ ಮಾಡತೊಡಗಿದರು. 1950ರ ದಶಕದಲ್ಲಿ ವಿದೇಶಿ ಪ್ಲಾಸ್ಟಿಕ್ ಮಾದರಿಗಳು ಬಂದಾಗ ಮರದ ಮಾದರಿಗಳ ವ್ಯಾಪಾರ ಇಳಿಯಿತು. 1959ರಲ್ಲಿ ತಮಿಯಾ ಕಂಪನಿಯೂ ಪ್ಲಾಸ್ಟಿಕ್ ಕಡೆ ಹೊರಳಿತು. ಯೋಶಿಯೊ ಅವರ ಮಗ ಶುನ್ಸಾಕು ತಮಿಯಾಗೆ ಪ್ರತಿ ವಿವರವೂ ಸರಿ ಇರಬೇಕು ಅನ್ನೋ ಹಟ. ಪೋರ್ಷೆ ಮಾದರಿ ಮಾಡೋಕೆ ನಿಜವಾದ ಪೋರ್ಷೆ 911 ಕಾರನ್ನೇ ಕೊಂಡು, ಬಿಚ್ಚಿ ನೋಡಿಸಿದರು. ಆ ಕೆಲಸದಿಂದ ಬೆಳೆದ ಪೋರ್ಷೆ 934, 1976ರಲ್ಲಿ ಕಂಪನಿಯ ಮೊದಲ ರೇಡಿಯೊ ನಿಯಂತ್ರಿತ ಕಾರಾಯಿತು.

ಆದರೆ ಅದು ನುಣುಪು ನೆಲದ ಕಾರು. ಮಣ್ಣಿಗಿಳಿಯುವ ಯೋಚನೆಗೆ ಬೇರು ಅಮೆರಿಕದಲ್ಲಿದೆ. 1964ರಲ್ಲಿ ಕ್ಯಾಲಿಫೋರ್ನಿಯಾದ ಬ್ರೂಸ್ ಮೇಯರ್ಸ್, ಫೋಕ್ಸ್‌ವ್ಯಾಗನ್ ಬೀಟಲ್ ಭಾಗಗಳಿಗೆ ಫೈಬರ್‌ಗ್ಲಾಸ್ ಮೈ ಹೊಂದಿಸಿ ಮರಳಲ್ಲಿ ಓಡುವ ಬಗ್ಗಿ ಕಟ್ಟಿದರು. 1967ರಲ್ಲಿ ಮೆಕ್ಸಿಕೋದ ಬಾಹಾ ಮರುಭೂಮಿಯ ಮೊದಲ ದೊಡ್ಡ ರೇಸ್ ಗೆದ್ದದ್ದೂ ಆ ಜಾತಿಯ ಬಗ್ಗಿಯೇ. ಇಂಥ ಗಾಡಿಗಳನ್ನೇ ಹತ್ತನೇ ಒಂದರಷ್ಟು ಚಿಕ್ಕದಾಗಿ ಮಾಡಿ, 1979ರಲ್ಲಿ ತಮಿಯಾ ರಫ್ ರೈಡರ್ ಮತ್ತು ಸ್ಯಾಂಡ್ ಸ್ಕಾರ್ಚರ್ ಕಿಟ್‌ಗಳನ್ನು ತಂದಿತು. 1984ರಲ್ಲಿ ಹೊಸಬರಿಗಾಗಿ ಸರಳವಾದ ಗ್ರಾಸ್‌ಹಾಪರ್ ಬಂತು.

ಈಗ ಅಸಲು ವಿಷಯಕ್ಕೆ ಬರೋಣ. ಜೋಡಿಸಿಯೇ ಮಾರಬಹುದಿತ್ತಲ್ಲ, ಬಿಡಿಯಾಗಿ ಕೊಟ್ಟರೆ ಏನು ಲಾಭ?

ಬಗ್ಗಿ ಇರೋದೇ ಹಾರಿ ಬೀಳೋಕೆ. ಬಿದ್ದರೆ ಮುರಿಯುತ್ತೆ. ಕಟ್ಟಿದವನಿಗೆ ಯಾವ ಸ್ಕ್ರೂ ಎಲ್ಲಿದೆ ಅಂತ ಗೊತ್ತು. ಮುರಿದ ಒಂದು ಭಾಗ ಮಾತ್ರ ತಂದು ಹಾಕ್ತಾನೆ. ಗ್ರಾಸ್‌ಹಾಪರ್‌ನ ಗೇರ್‌ಬಾಕ್ಸ್ ಜೋಡಿಸುವಾಗ ಡಿಫರೆನ್ಷಿಯಲ್ ಕೈಗೆ ಸಿಗುತ್ತೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಎರಡು ಚಕ್ರವನ್ನೂ ಬೆರಳಲ್ಲಿ ತಿರುಗಿಸಿ ನೋಡಿದ ಮಗುವಿಗೆ ಇದಕ್ಕೆ ಪಾಠ ಬೇಕಾಗಲ್ಲ. ವೇಗದ ನಿಯಂತ್ರಣವೂ ಆಗ ಕಣ್ಣಿಗೆ ಕಾಣ್ತಿತ್ತು: ಸರ್ವೊ ಒಂದು ಲೋಹದ ತೋಳನ್ನ ಸರಿಸುತ್ತೆ, ನಿಧಾನ ಹೋಗುವಾಗ ಉಳಿದ ವಿದ್ಯುತ್ತು ರೆಸಿಸ್ಟರ್‌ನಲ್ಲಿ ಬಿಸಿಯಾಗಿ ಹೋಗುತ್ತೆ.

ಅದೇ ಗ್ರಾಸ್‌ಹಾಪರ್ 2005ರಲ್ಲಿ ಮತ್ತೆ ಮಾರುಕಟ್ಟೆಗೆ ಬಂತು. ನಮ್ಮ ಮೇಜಿನ ಮೇಲಿನ ಲ್ಯಾಪ್‌ಟಾಪ್, ಜೇಬಿನ ಫೋನು ಬಿಚ್ಚೋದೇ ಕಷ್ಟವಾಗ್ತಿರೋ ಕಾಲದಲ್ಲಿ, ಬಿಚ್ಚೋಕೆ ಅಂತಲೇ ಮಾಡಿದ ವಸ್ತುವಿಗೆ ಬೆಲೆ ಇದೆ. ಪುಣೆ, ಹೈದರಾಬಾದ್ ಫ್ಲ್ಯಾಟುಗಳಲ್ಲಿ ಹತ್ತು ಹನ್ನೆರಡು ವರ್ಷದ ಮಕ್ಕಳಿರೋರು ರಿಮೋಟ್ ಕಾರು ಕೊಡಿಸೋ ಯೋಚನೆಯಲ್ಲಿದ್ರೆ, ಒಮ್ಮೆ ಕಿಟ್ ನೋಡಿ. ತಂದ ಮೇಲೆ ಒಂದೇ ಕೋರಿಕೆ: ಆಸೆ ತಡೆಯಲಾರದೆ ಡಿಫರೆನ್ಷಿಯಲ್ ನೀವೇ ಜೋಡಿಸಿಬಿಡಬೇಡಿ. ಅದನ್ನ ಅವರ ಕೈಗೇ ಬಿಡಿ.