ಬರಿಗಾಲಿನ ಕಥೆಗೊಂದು ತಿದ್ದುಪಡಿ

ವಿಶ್ವಕಪ್ ಫುಟ್‌ಬಾಲ್ ನೋಡಲು ಹೋಗಬೇಕೆಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ ವಿಮಾನ, ವಸತಿ, ಪಂದ್ಯದ ಟಿಕೆಟ್ಟುಗಳ ಲೆಕ್ಕ ಹಾಕಿ ಆಸೆ ಕೈಬಿಟ್ಟನಂತೆ. ದೂರವಾಣಿಯಲ್ಲಿ ಅದನ್ನು ಹೇಳುತ್ತಾ, "1950ರಲ್ಲಿ ನಮ್ಮವರಿಗೆ ಬೂಟಿಲ್ಲದೆ ಅವಕಾಶ ತಪ್ಪಿತೆಂದು ನೀವೇ ಪಾಠ ಹೇಳಿದ್ದಿರಲ್ಲ, ಸಾರ್" ಎಂದ. ನನಗೆ ನಾಚಿಕೆಯಾಯಿತು. ಹೇಳಿದ್ದು ನಿಜ, ಹೇಳಿದ ವಿಷಯ ಮಾತ್ರ ನಿಜವಲ್ಲ.

ಆ ಕಾಲದಲ್ಲಿ ಪ್ರೇಕ್ಷಕರ ಮಾತಿರಲಿ, ತಂಡಗಳೇ ಅಲ್ಲಿಗೆ ತಲುಪುವುದು ಪ್ರಯಾಸದ ಕೆಲಸವಾಗಿತ್ತು. 1930ರ ಮೊದಲ ವಿಶ್ವಕಪ್‌ಗೆ ಪ್ರಯಾಣ ಮತ್ತು ವಸತಿಯ ವೆಚ್ಚವನ್ನು ತಾನೇ ಭರಿಸುವುದಾಗಿ ಉರುಗ್ವೆ ಹೇಳಿದರೂ ಯುರೋಪಿನಿಂದ ಹೋದವು ನಾಲ್ಕೇ ತಂಡಗಳು. ಹಡಗಿನಲ್ಲಿ ಹೋಗಲು ಎರಡು ವಾರ, ಬರಲು ಎರಡು ವಾರ. ಅಷ್ಟು ದಿನ ಆಟಗಾರರಿಗೆ ರಜೆ ಕೊಡುವವರು ಯಾರು? ರುಮೇನಿಯಾದ ಆಟಗಾರರಿಗೆ ರಜೆ ಕೊಡಿಸಲು ದೊರೆ ಎರಡನೆಯ ಕ್ಯಾರೊಲನೇ ಮಧ್ಯೆ ಪ್ರವೇಶಿಸಬೇಕಾಯಿತು.

1950ರಲ್ಲಿ ಬ್ರೆಜಿಲ್ ಆತಿಥ್ಯ ವಹಿಸಿದಾಗಲೂ ಕಷ್ಟ ತೀರಿರಲಿಲ್ಲ. ಅರ್ಹತೆ ಪಡೆದಿದ್ದ ತುರ್ಕಿ ಖರ್ಚಿನ ಕಾರಣಕ್ಕೆ ಹಿಂದೆ ಸರಿಯಿತು. ವಿಶೇಷ ಆಹ್ವಾನ ಪಡೆದ ಫ್ರಾನ್ಸ್, ತನ್ನ ಪಂದ್ಯಗಳು ಸುಮಾರು ಮೂರು ಸಾವಿರ ಕಿಲೋಮೀಟರ್ ಅಂತರದ ಪೋರ್ಟೊ ಅಲೆಗ್ರೆ ಹಾಗೂ ರೆಸಿಫೆಗಳಲ್ಲಿ ನಿಗದಿಯಾದುದನ್ನು ಕಂಡು ಒಲ್ಲೆನೆಂದಿತು. ಇಟಲಿಯದು ಇನ್ನೂ ಕರುಣಾಜನಕ. 1949ರ ಮೇ 4ರಂದು ಸುಪರ್ಗಾ ಬೆಟ್ಟಕ್ಕೆ ವಿಮಾನ ಅಪ್ಪಳಿಸಿ ಟೊರಿನೊ ತಂಡದ 18 ಆಟಗಾರರೂ ಸೇರಿದಂತೆ 31 ಮಂದಿ ಮಡಿದಿದ್ದರು. ಆ ಭಯದಿಂದ ಇಟಲಿಯವರು ಹಡಗು ಹತ್ತಿದರು. ಹಡಗಿನ ಅಟ್ಟದ ಮೇಲೆ ಅಭ್ಯಾಸ ಮಾಡಹೋದರೆ ಚೆಂಡುಗಳು ಸಮುದ್ರದ ಪಾಲಾದವಂತೆ! ದಣಿದು ಬಂದಿಳಿದ ಆ ತಂಡ ಮೊದಲ ಪಂದ್ಯದಲ್ಲೇ ಸ್ವೀಡನ್ನಿಗೆ 3–2ರಿಂದ ಸೋತಿತು.

ಅದೇ ಗುಂಪಿನಲ್ಲಿ ಭಾರತವೂ ಇತ್ತು. ಅರ್ಹತಾ ಸುತ್ತಿನಿಂದ ಬರ್ಮಾ, ಇಂಡೊನೇಷ್ಯಾ, ಫಿಲಿಪೀನ್ಸ್ ಹಿಂದೆ ಸರಿದುದರಿಂದ ಆಡದೆಯೇ ದೊರೆತ ಸ್ಥಾನವದು. ಪ್ರಯಾಣ ವೆಚ್ಚದ ಬಹುಪಾಲನ್ನು ಕೊಡಲು ಬ್ರೆಜಿಲ್ ಮುಂದೆ ಬಂದಿತ್ತು. ಆದರೂ ನಮ್ಮ ಫುಟ್‌ಬಾಲ್ ಸಂಸ್ಥೆ ಆಟಗಾರರ ಆಯ್ಕೆಯಲ್ಲಿನ ಭಿನ್ನಾಭಿಪ್ರಾಯ, ಅಭ್ಯಾಸಕ್ಕೆ ಸಮಯದ ಅಭಾವ ಎಂದು ಕಾರಣ ಕೊಟ್ಟು ತಂಡವನ್ನು ಕಳುಹಿಸಲಿಲ್ಲ. ವಾರಗಟ್ಟಲೆ ಹಡಗಿನ ಪಯಣದ ಅಳುಕೂ ಇದ್ದಿರಬೇಕು. ಅಂದಿನ ನಾಯಕ ಶೈಲೇನ್ ಮನ್ನಾ ಅವರೇ ಮುಂದೆ ಹೇಳಿದಂತೆ, ಅವರಿಗೆಲ್ಲ ಒಲಿಂಪಿಕ್ಸ್ ಒಂದೇ ದೊಡ್ಡದು. ವಿಶ್ವಕಪ್ಪಿನ ಮಹತ್ವವೇ ತಿಳಿದಿರಲಿಲ್ಲ.

ಬರಿಗಾಲಿನ ಕಥೆ ಹುಟ್ಟಿದ್ದಕ್ಕೂ ಆಧಾರವಿಲ್ಲದಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿ ಫ್ರಾನ್ಸಿಗೆ 2–1ರಿಂದ ಸೋತರು. ಆ ಒಂದು ಗೋಲು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಎರಡು ಪೆನಾಲ್ಟಿಗಳು ವ್ಯರ್ಥವಾಗದಿದ್ದರೆ ಗೆಲುವೇ ನಮ್ಮದಾಗುತ್ತಿತ್ತು. ಬೂಟು ಕಡ್ಡಾಯವಾದದ್ದು 1952ರ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯಾ ಎದುರು 10–1ರಿಂದ ಸೋತ ಮೇಲೆ. ಅಲ್ಲಿಯ ಒಂದು ಗೋಲೂ ಬೆಂಗಳೂರಿನವರೇ ಆದ ಅಹ್ಮದ್ ಖಾನ್ ಅವರದು. 1950ರಲ್ಲಿ ಹೋಗಿದ್ದರೆ ಅವರೂ ಬ್ರೆಜಿಲ್ ನೆಲದ ಮೇಲೆ ಆಡುತ್ತಿದ್ದರೇನೋ ಎಂದು ಆಗಾಗ ಅನ್ನಿಸುತ್ತದೆ.

ಅಂದು ನನ್ನ ಮಾತನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡವರು ಯಾರಾದರೂ ಅದನ್ನಿನ್ನೂ ಇಟ್ಟುಕೊಂಡಿದ್ದರೆ, ದಯವಿಟ್ಟು ಆ ಸಾಲನ್ನು ಹೊಡೆದುಹಾಕಿ.